ಹೊಟ್ಟೆಗಿಳಿದ ಉಸಿರು

ಅಜವಾನದ ಹೊಗೆಯ ವಾಸನೆ ಬಂದರೆ ಗದಿಗೆಮ್ಮನಿಗೆ ಅವ್ವನ ನಡು ನೆನಪಾಗುತ್ತಿತ್ತು. ತಮ್ಮ ಹುಟ್ಟಿದಾಗ ಅಜ್ಜಿ ಬಾಣಂತಿ ಕೋಣೆಯ ಕೆಂಡದ ಮೇಲೆ ಅಜವಾನ ಉದುರಿಸಿ, ಆ ಹೊಗೆ ಹಿಡಿದ ಹಳೆ ಸೀರೆಯ ತುಂಡನ್ನು ಅವ್ವನ ಹೊಟ್ಟೆಗೆ ಮೂರು ಸುತ್ತು ಬಿಗಿದಿದ್ದಳು. ಬಾಣಂತನ ಮುಗಿದರೂ ಅವ್ವ ಆ ನಡುಕಟ್ಟು ಬಿಡಲಿಲ್ಲ. ಅದನ್ನು ಕಟ್ಟಿಕೊಂಡೇ ಮಣ್ಣು ಹೊತ್ತಳು, ಕಲ್ಲು ಹೊತ್ತಳು. ಗದಿಗೆಮ್ಮ ಮೊದಲ ಸಲ ಬುಟ್ಟಿಯನ್ನು ತಲೆಗೇರಿಸಿದ ದಿನ ಅವಳ ನಡುವಿಗೂ ಅಂಥದೊಂದು ತುಂಡು ಬಿತ್ತು. "ಸಡ್ಲ ಬಿಟ್ಟಿ ಅಂದ್ರ ಗರ್ಭಚೀಲ ಜಾರತೈತಿ, ನೆಪ್ಪಿರಲಿ" ಎಂದಿದ್ದಳು ಅವ್ವ.

ಆ ಮಾತಿಗೆ ಇಪ್ಪತ್ತೈದು ವರ್ಷವಾಗಿತ್ತು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದ ಗದಿಗೆಮ್ಮ ಈಗ ಪಟಾನ್‌ಚೆರುವಿನಲ್ಲಿ ಏಳುತ್ತಿದ್ದ ಮೂರಂತಸ್ತಿನ ಕಟ್ಟಡಕ್ಕೆ ತನ್ನ ಕಡೆಯ ಹೆಂಗಸರ ಗುಂಪಿನೊಡನೆ ಇಟ್ಟಿಗೆ ಹೊರುತ್ತಿದ್ದಳು. ಒಂದು ದಿನವೂ ಅವಳು ನಡುಕಟ್ಟಿಲ್ಲದೆ ಕೆಲಸಕ್ಕೆ ನಿಂತವಳಲ್ಲ.

ದೀಪಾವಳಿ ಕಳೆದ ಮೇಲೆ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯತೊಡಗಿದವು. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಉಸಿರು ಕುತ್ತಿಗೆಗೆ ಬಂದು ನಿಲ್ಲುತ್ತಿತ್ತು. ಗಲ್ಲಿಯ ಡಾಕ್ಟರು ದಮ್ಮು ಎಂದು ಹೇಳಿ ಸೇದುವ ಔಷಧ ಬರೆದುಕೊಟ್ಟರು. ಅದನ್ನು ಸೇದಿದರೂ ಕೈಯ ಜೋಮು ಇಳಿಯಲಿಲ್ಲ. ಒಂದು ಶುಕ್ರವಾರ ತಲೆಯ ಮೇಲಿನ ಬುಟ್ಟಿ ವಾಲಿ, ನಾಲ್ಕು ಇಟ್ಟಿಗೆ ಮೇಸ್ತ್ರಿ ದ್ಯಾವಪ್ಪನ ಪಾದದ ಹತ್ತಿರವೇ ಬಿದ್ದು ಒಡೆದವು.

"ದಮ್ಮಿನ ಬ್ಯಾನಿ ಇದ್ದಾಕಿನ್ನ ಮ್ಯಾಲ ಹತ್ತಿಸಿ ನಾ ಜೈಲಿಗಿ ಹೋಗ್ಲೇನು?" ದ್ಯಾವಪ್ಪ ಕೂಗಿದ. "ಬರೋ ಸೋಮವಾರ ಗಂಟು ಕಟ್ಟು. ಯಾದಗಿರಿ ರೈಲು ಹತ್ತು."

"ನಂಗ ದಮ್ಮಿಲ್ಲ."

"ಹಂಗಾದ್ರ ಹದ್ದಿನಂಗ ಭುಜ ಎತ್ತಿ ಎತ್ತಿ ಯಾಕ ಉಸರಾಡ್ತಿ? ಹಾರಾಕ ಹೊಂಟೀಯೇನು?"

ಹೆಂಗಸರು ನಕ್ಕರು. ಗುಂಪಿನ ಹಿರಿಯಳಾದ ಸುಗಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಗದಿಗೆಮ್ಮನಿಗೆ ಕಿವಿ ಬಿಸಿಯಾಯಿತು.

"ನನ್ನ ಎದಿಯೊಳಗ ನೀವೇನು ಹೊಕ್ಕು ನೋಡಿ ಬಂದೀರೇನು, ಮೇಸ್ತ್ರಿ? ನಾಂಪಲ್ಲಿ ದವಾಖಾನಿಗಿ ಹೋಗಿ ಕೇಳ್ಕೊಂಡೇ ಬರ್ತೀನಿ. ಊರಿಗಂತೂ ಹೋಗಂಗಿಲ್ಲ."

ಮರುದಿನ ಬಸ್ಸಿನಲ್ಲಿ ನಿಂತು ಹೋಗುವಾಗ ಕೈಚೀಲ ಜಾರುತ್ತಲೇ ಇತ್ತು. ಬುರ್ಖಾ ತೊಟ್ಟ ಒಬ್ಬ ಮುದುಕಿ ಕುಳಿತಲ್ಲಿಂದಲೇ ಅದನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾಂಪಲ್ಲಿಯಲ್ಲಿ ಇಳಿಯುವಾಗ ಗದಿಗೆಮ್ಮನ ಎಡತೋಳಿಗೆ ಚೀಲವನ್ನು ತಾನೇ ಏರಿಸಿದಳು.

ಎಕ್ಸ್‌ರೇ ನೋಡಿದ ಡಾಕ್ಟರು ಅವಳನ್ನು ವ್ಯಾಯಾಮ ಕಲಿಸುವ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ತೇಜಸ್ವಿನಿ. ಬಿಜಾಪುರದಿಂದ ಇಲ್ಲಿಯ ರಕ್ಷಣಾ ಕಾರ್ಖಾನೆಗೆ ಕೆಲಸಕ್ಕೆ ಬಂದವರ ಮಗಳು. ತೆಲುಗಿನಲ್ಲಿ ಮಾತು ಶುರು ಮಾಡಿದವಳು, ಚೀಟಿಯಲ್ಲಿದ್ದ ಊರಿನ ಹೆಸರು ಕಂಡು ತಲೆಯೆತ್ತಿದಳು. "ಕನ್ನಡದಾಗ ಮಾತಾಡೂಣೇನ್ರಿ?"

ಗದಿಗೆಮ್ಮನ ಮುಖದ ಬಿಗಿ ಅರ್ಧ ಸಡಿಲಾಯಿತು.

ತೇಜಸ್ವಿನಿ ಎರಡೂ ಕೈಗಳನ್ನು ಮೇಲೆತ್ತಿಸಿ ಮುಷ್ಟಿ ಮುಚ್ಚಿ ತೆರೆಯಲು ಹೇಳಿದಳು. ಮೂರು ನಿಮಿಷ ಮಾಡಬೇಕಿತ್ತು. ಗದಿಗೆಮ್ಮ ಹಲ್ಲು ಕಚ್ಚಿ ಹಿಡಿದರೂ ಒಂದು ನಿಮಿಷ ತುಂಬುವ ಮೊದಲೇ ಬಲಗೈ ಬಿಳಿಚಿ ತಾನಾಗಿ ಕೆಳಗೆ ಬಿತ್ತು.

"ಇದು ದಮ್ಮಲ್ರಿ. ನಿಮ್ಮ ಎದಿ ಸ್ವಚ್ಛ ಐತಿ. ಕುತ್ತಿಗಿ ಬುಡದಾಗ, ಮೊದಲನೇ ಪಕ್ಕೆಲುಬಿನ ಹತ್ರ ಒಂದು ಸಣ್ಣ ಸಂದಿ ಇರತೈತಿ. ಕೈಗಿ ಹೋಗೋ ನರ, ರಕ್ತ ಎಲ್ಲಾ ಅದರಾಗಿಂದನ ಹೋಗಬೇಕು. ನಿಮಗ ಅದು ಇಕ್ಕಟ್ಟಾಗೇತಿ. ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಅಂತಾರ. ಅದರ ಮ್ಯಾಲ ನೀವು ಉಸಿರು ತಗೊಳ್ಳೋದೆಲ್ಲಾ ಕುತ್ತಿಗಿಯಿಂದ. ಒಂದೊಂದು ಉಸಿರಿಗೂ ಕುತ್ತಿಗಿ ಸ್ನಾಯು ಆ ಪಕ್ಕೆಲುಬನ್ನ ಮ್ಯಾಲ ಎಳಿತಾವ. ಸಂದಿ ಇನ್ನಷ್ಟು ಸಣ್ಣ ಆಕ್ಕೈತಿ. ಆದ್ರ ಉಸಿರು ಹೊಟ್ಟೀಗಿ ಯಾಕ ಇಳಿವಲ್ದು?"

ಅವಳು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಗದಿಗೆಮ್ಮನ ಹೊಟ್ಟೆಯ ಮೇಲಿಟ್ಟಳು. ಬೆರಳಿಗೆ ಹಲಗೆಯಂಥ ಬಟ್ಟೆ ಸಿಕ್ಕಿತು.

"ಇದೇನ್ರಿ?"

"ಅದನ್ನ ಮುಟ್ಟಬ್ಯಾಡ್ರಿ!" ಗದಿಗೆಮ್ಮ ಎರಡೂ ಕೈಯಿಂದ ನಡು ಅವುಚಿಕೊಂಡಳು. "ನಮ್ಮವ್ವ ಕಟ್ಟಿದ್ದು. ಬಿಚ್ಚಿದ್ರ ಒಳಗಿಂದೆಲ್ಲಾ ಜಾರತೈತಿ."

ತೇಜಸ್ವಿನಿ ಬಲವಂತ ಮಾಡಲಿಲ್ಲ, ನಗಲೂ ಇಲ್ಲ. ಗದಿಗೆಮ್ಮನ ಒರಟು ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಉಸಿರೆಳೆದಳು. ಹೊಟ್ಟೆ ಉಬ್ಬಿತು, ಇಳಿಯಿತು. "ನಂಗ ಎರಡು ಹೆರಿಗಿ ಆಗ್ಯಾವ್ರಿ. ಏನೂ ಕಟ್ಟಿಲ್ಲ. ಎಲ್ಲಾ ಇದ್ದಲ್ಲೇ ಐತಿ ನೋಡ್ರಿ." ಆಮೇಲೆ ಪರದೆ ಎಳೆದು ಹೊರಗೆ ನಿಂತಳು.

ಪರದೆಯ ಹಿಂದೆ ಗದಿಗೆಮ್ಮ ಗಂಟನ್ನು ಎರಡು ಸಲ ಮುಟ್ಟಿ ಕೈ ತೆಗೆದಳು. ಕೊನೆಗೆ ಗಂಟು ಬಿಚ್ಚಿದಳು. ಒಂದು ಸುತ್ತು, ಎರಡು ಸುತ್ತು, ಮೂರು. ಹೆದರುತ್ತಲೇ ಉಸಿರೆಳೆದಳು. ಅದು ಕುತ್ತಿಗೆ ದಾಟಿ, ಎದೆ ದಾಟಿ, ಹೊಟ್ಟೆಯ ತಳದವರೆಗೆ ಹೋಯಿತು. ಭುಜಗಳು ಕದಲಲಿಲ್ಲ. ಸುಖವಾಗುವುದಕ್ಕೆ ಮೊದಲು ಅವಳಿಗೆ ಸಿಟ್ಟು ಬಂತು.

"ಇಪ್ಪತ್ತೈದು ವರ್ಷ ನನ್ನ ಉಸಿರಿಗಿ ನಾನೇ ಬಾಗಲಾ ಹಾಕಿದ್ನಲ್ರಿ!"

"ನಿಮ್ಮ ತಪ್ಪಲ್ರಿ, ನಿಮ್ಮವ್ವಂದೂ ಅಲ್ಲ. ಹೊರೋ ಭಾರ ಭಾಳಾತು" ಎಂದಳು ತೇಜಸ್ವಿನಿ. ಮೂರು ತಿಂಗಳು ತಲೆಯ ಮೇಲೆ ಏನೂ ಇಡಬಾರದು, ಕೈ ಮೇಲೆತ್ತುವ ಕೆಲಸ ಬೇಡ, ನಡುಮಟ್ಟದಲ್ಲಿ ಹಗುರ ಕೆಲಸವಾದರೆ ಆದೀತು, ತಾಸಿಗೊಮ್ಮೆ ಹತ್ತು ಉಸಿರು ಹೊಟ್ಟೆಯವರೆಗೆ ಎಳೆಯಬೇಕು. ದಮ್ಮಿಲ್ಲ ಎಂಬುದನ್ನು ಡಾಕ್ಟರಿಂದ ಬರೆಸಿ ಚೀಟಿ ಕೊಟ್ಟಳು.

ಸೋಮವಾರ ಗದಿಗೆಮ್ಮ ನಡುಕಟ್ಟಿಲ್ಲದೆ ಕೆಲಸದ ಜಾಗಕ್ಕೆ ಬಂದಳು. ಮೊದಲು ಕಂಡವಳು ಸುಗಲಮ್ಮ. ಅವಳು ತನ್ನ ನಡುಕಟ್ಟಿನ ಮೇಲೆ ಕೈ ಬಡಿದು ತೋರಿಸಿದಳು.

"ಏ ಹುಚ್ಚಿ, ನಡಾ ಖಾಲಿ ಬಿಟ್ಟು ಬಂದೀಯಲ್ಲ! ಕರುಳು ಮಣಕಾಲಿಗಿ ಬಂದ್ರ ಯಾರು ಹೊರಬೇಕು?"

"ನಿನ್ನ ತಲಿಮ್ಯಾಲ ಇಡ್ತೀನಿ ಯಕ್ಕಾ. ಅಲ್ಲಿ ಭಾಳ ಜಾಗಾ ಐತಿ."

ದ್ಯಾವಪ್ಪ ಚೀಟಿಯನ್ನು ತಿರುಗಿಸಿ ನೋಡಿ ಮರಳಿ ಕೊಟ್ಟ. "ದಮ್ಮಿಲ್ಲಂದ್ರ ಬುಟ್ಟಿ ಎತ್ತು."

"ತಲಿಮ್ಯಾಲ ಹೊರಂಗಿಲ್ಲ. ಮೆಟ್ಟಲಮ್ಯಾಲ ಸಾಲಾಗಿ ನಿಂತು ಕೈಯಿಂದ ಕೈಗಿ ದಾಟಸ್ತೀವಿ. ಇಟ್ಟಿಗಿ ಮ್ಯಾಲ ಹೋದ್ರ ಆತಿಲ್ಲೋ?"

"ನೀನೊಬ್ಬಾಕಿ ಸಲುವಾಗಿ ಕೆಲಸದ ಪದ್ಧತಿ ಬದಲಿ ಮಾಡ್ಲಾ? ನಡಿ ಊರಿಗಿ!"

"ನಡಿಯಂಗಿಲ್ಲ."

ಅವಳು ಇಟ್ಟಿಗೆ ರಾಶಿಯ ಮೇಲೆ ಕುಳಿತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಉಸಿರೆಳೆದಳು, ಬಿಟ್ಟಳು. "ಒಂದು." ಮತ್ತೆ ಎಳೆದಳು. "ಎರಡು." ಹೆಂಗಸರು ಬುಟ್ಟಿ ಹಿಡಿದಲ್ಲೇ ನಿಂತರು.

"ಏನು, ಇಲ್ಲೇ ಹೆರಿಗಿ ನಡಸೀಯೇನು?" ಎಂದ ದ್ಯಾವಪ್ಪ.

"ಹೌದ್ರಿ, ಉಸಿರು ಹಡಿಯಾಕತ್ತೀನಿ. ಗಂಡಸ್ರು ದೂರ ನಿಂದ್ರಬೇಕು."

ಈ ಸಲವೂ ಹೆಂಗಸರು ನಕ್ಕರು, ಆದರೆ ಮೇಸ್ತ್ರಿಯತ್ತ ತಿರುಗಿ ನಕ್ಕರು. ಗದಿಗೆಮ್ಮ ಹತ್ತೂ ಮುಗಿಸಿಯೇ ಎದ್ದಳು. ಮೆಟ್ಟಿಲ ಬುಡದಲ್ಲಿ ನಿಂತು, ಒಂದು ಇಟ್ಟಿಗೆ ತೆಗೆದು, ನಡುಮಟ್ಟದಲ್ಲಿ ಮುಂದಕ್ಕೆ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ. ಅವಳೂ ಕೈ ಹಿಂದಕ್ಕೆಳೆಯಲಿಲ್ಲ. ಬೆರಳು ಜುಮ್ಮೆನ್ನುವ ಹೊತ್ತಿಗೆ ಗುಂಪಿನಲ್ಲೊಬ್ಬರ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ಭವಾನಿ ಬುಟ್ಟಿ ಕೆಳಗಿಟ್ಟು ಬಂದು ಇಟ್ಟಿಗೆ ಇಸಿದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಏಳು ಮಂದಿಯ ಸಾಲಾಯಿತು. ಸುಗಲಮ್ಮ ಮಾತ್ರ ಮೂವರನ್ನು ಕಟ್ಟಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು, ಸಾಲಿನ ಪಕ್ಕದಲ್ಲೇ ಭುಜ ಎತ್ತಿ ಎತ್ತಿ ಉಸಿರಾಡುತ್ತ ಹತ್ತಿ ಇಳಿದಳು.

ಮಧ್ಯಾಹ್ನ ದ್ಯಾವಪ್ಪ ಮೇಲೆ ಹೋಗಿ ರಾಶಿಯನ್ನು ಸುತ್ತಿ ನೋಡಿ ಬಂದ; ಇಟ್ಟಿಗೆ ದಿನಕ್ಕಿಂತ ಕಡಿಮೆ ಏರಿರಲಿಲ್ಲ. "ನಾಳಿ ಮೆಟ್ಟಲಾ ಬೆಳಿಗ್ಗೇನ ಕಸ ಹೊಡಿರಿ, ಕಾಲು ಜಾರಿದ್ರ ನನ್ನ ಮ್ಯಾಲ ಬರತೈತಿ" ಎಂದು ಗೊಣಗಿದ. ರೈಲಿನ ಮಾತು ಎತ್ತಲಿಲ್ಲ.

ಗದಿಗೆಮ್ಮ ಬುತ್ತಿ ತಂದಿರಲಿಲ್ಲ. ವಾರದಿಂದ ಅವಳ ಬಲಗೈಗೆ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಗೋಡೆಯ ನೆರಳಿನಲ್ಲಿ ಕುಳಿತು ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದಾಗ ಸುಗಲಮ್ಮ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಪೊಟ್ಟಣವನ್ನು ಆಚೆ ಸರಿಸಿ, ಒಂದು ಗಂಟನ್ನು ಗದಿಗೆಮ್ಮನ ಮಡಿಲಿಗಿಟ್ಟಳು. ಒಳಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸುತ್ತಿದ್ದ ಬಟ್ಟೆ ಹಳೆ ಸೀರೆಯ ಉದ್ದನೆಯ ತುಂಡು. ವರ್ಷಗಟ್ಟಲೆ ಬಿಗಿದ ಮಡಿಕೆಗಳು ಅದರಲ್ಲಿ ಹಾಗೇ ಇದ್ದವು, ಮೈಯ ಬಿಸಿಯೂ ಇನ್ನೂ ಆರಿರಲಿಲ್ಲ.