ಗೇರುಬೀಜದವರ ಅರ್ಜಿ

"ಕನ್ನಡ ಓದೋಕಾ ನಿನ್ನ ಲಂಡನ್ನಿಗೆ ಕರೆಸಿದ್ದು? ಪಿನ್ ಕೀಳಮ್ಮಾ, ಪಿನ್ ಕೀಳು!"

ಮೇಲ್ವಿಚಾರಕ ಕೃಷ್ಣಪ್ರಸಾದ ಮೇಜು ಬಡಿದ ರಭಸಕ್ಕೆ ತುಕ್ಕು ಪಿನ್ನುಗಳ ಡಬ್ಬಿ ಉರುಳಿತು. ಅಪೊಲಿನ್ ಬಗ್ಗಿ ಒಂದೊಂದನ್ನೇ ಆರಿಸತೊಡಗಿದಳು.

ಲಂಡನ್ನಿನ ಅಂಚಿನಲ್ಲಿರುವ ಅಕ್ಸ್‌ಬ್ರಿಡ್ಜಿನ ಆ ಗೋದಾಮಿನಲ್ಲಿ ಹನ್ನೊಂದು ತಿಂಗಳಿಂದ ಅವಳಿಗೆ ಇದೇ ಕೆಲಸ. ಹಳೆಯ ಕಡತಗಳ ಪಿನ್ ಕೀಳಬೇಕು, ಹಾಳೆ ನೀವಿ ಸ್ಕ್ಯಾನರಿಗೆ ಕೊಡಬೇಕು. ಈ ಸಲ ಬಂದಿದ್ದ ಪೆಟ್ಟಿಗೆಗಳು ಒಂದು ಹಳೆಯ ವ್ಯಾಪಾರದ ಕಂಪನಿಯವು. ಮಹಾಯುದ್ಧ ಮುಗಿದ ಮೇಲೆ ಕಂಪನಿ ಹೇಗೆ ಬೆಳೆಯಿತೆಂದು ಪುಸ್ತಕ ಬರಲಿತ್ತಂತೆ. ಪೌಂಡಿನ ಬೆಲೆ ಇಳಿದಾಗ, ಭಾರತ ಕೈತಪ್ಪಿದಾಗ, ಸೂಯೆಜ್ ಕಾಲುವೆ ಮುಚ್ಚಿದಾಗ ಅಧ್ಯಕ್ಷರು ಬರೆದ ಪತ್ರಗಳೆಲ್ಲ ಅಲ್ಲಿದ್ದವು. ದಪ್ಪ ಕಾಗದ, ನೀಟಾದ ಟೈಪು.

ಈಗಷ್ಟೇ ೧೯೫೭ರ ಕಡತದಲ್ಲಿ ಒಂದು ಲಕೋಟೆ ಸಿಕ್ಕಿತ್ತು. ಪಿನ್ ಚುಚ್ಚಿ ಇಟ್ಟಿದ್ದರು, ಒಡೆದಿರಲಿಲ್ಲ. ಅವಳು ಒಡೆದಳು. ಒಳಗೆ ಕನ್ನಡದ ಮೂರು ಹಾಳೆ. ಕಂಪನಿಯ ಮಂಗಳೂರಿನ ಗೇರುಬೀಜದ ಕಾರ್ಖಾನೆಯ ಹೆಂಗಸರು ಯಾರಿಂದಲೋ ಬರೆಸಿದ ಅರ್ಜಿ.

'ಸೂಯೆಜ್ ಎಂಬ ಕಾಲುವೆ ಮುಚ್ಚಿದ್ದರಿಂದ ಹಡಗಿನ ಖರ್ಚು ಹೆಚ್ಚಿತೆಂದು ನಮ್ಮ ಕೂಲಿ ಇಳಿಸಿದ್ದೀರಿ. ಆ ಕಾಲುವೆ ಯಾವ ಊರಿನಲ್ಲಿದೆಯೋ ನಮಗೆ ತಿಳಿಯದು. ಅದನ್ನು ನಾವು ಮುಚ್ಚಿಲ್ಲ.'

ಕೊನೆಯ ಹಾಳೆಯ ತುಂಬ ಕಪ್ಪು ಕಲೆಗಳು.

"ನೋಡು, ಫಂಗಸ್," ಕೃಷ್ಣಪ್ರಸಾದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದ. "ಬೂಷ್ಟು ಹಿಡಿದಿದ್ದು ಮೆಷಿನ್‌ಗೆ ಹೋಗಬಾರ್ದು ಅಂತ ರೂಲ್ಸ್ ಇದೆ. ಷ್ರೆಡ್ಡರ್ ಚೀಲಕ್ಕೆ ಹಾಕು."

"ಫಂಗಸ್ ಅಲ್ಲ ಸರ್. ಹೆಬ್ಬೆಟ್ಟು ಅದು."

"ಹೆಬ್ಬೆಟ್ಟಲ್ಲಿ ಗೆರೆ ಇರಲ್ವಾ? ಎಲ್ಲಿ, ತೋರ್ಸು ಒಂದು ಗೆರೆ."

"ಬೀಜ ಒಡೆಯುವವರಿಗೆ ಗೆರೆ ಇರುದಿಲ್ಲ ಸರ್. ಸಿಪ್ಪೆಯ ಎಣ್ಣೆ ತಿಂದು ಹಾಕ್ತದೆ. ನನ್ನ ಅಮ್ಮನ ಬೆರಳು ಇವತ್ತಿಗೂ ರೇಷನ್ ಅಂಗಡಿಯ ಮೆಷಿನ್ ತೆಗೊಳ್ಳುದಿಲ್ಲ."

"ನಿಮ್ಮಮ್ಮನ ಕಥೆ ಯಾವ ಕ್ಲೈಂಟಿಗೂ ಬೇಡ. ಲಿಸ್ಟಲ್ಲಿರೋದು ಇಂಗ್ಲಿಷ್ ಪತ್ರ ಮಾತ್ರ. ನಿನ್ನ ವೀಸಾ ಮುಂದಿನ ತಿಂಗಳು ಮುಗಿಯುತ್ತೆ ತಾನೆ? ನನ್ನ ಸೈನ್ ಇಲ್ದೆ ರಿನ್ಯೂ ಆಗಲ್ಲ."

ಮೂರು ಹಾಳೆಗಳನ್ನೂ ತಾನೇ ಚೀಲಕ್ಕೆ ತುರುಕಿ, ಗಾಜಿನ ಕೋಣೆಗೆ ಹೋದ.

ಪಕ್ಕದ ಮೆಷಿನಿನಲ್ಲಿ ಕಲಬುರಗಿ ಕಡೆಯ ಶರಣಬಸವನಿದ್ದ. ಅವನ ವೀಸಾವೂ ಅದೇ ಸಹಿಯ ಮೇಲೆ ನಿಂತಿತ್ತು.

"ಬೂಷ್ಟ್ ಹಿಡಿದದ್ದು ಕಾಗದಕ್ಕಲ್ಲ, ಆ ಸೂಳೆಮಗನ ತೆಲಿಗಿ," ಎಂದ ತಲೆಯೆತ್ತದೆ. "ಆದ್ರ ನೀವ್ ಸುಮ್ ಬಿಡ್ರಿ ಅಕ್ಕಾ. ಸತ್ತೋರ ಅರ್ಜಿ ಈಗ್ಯಾರ್ ಓದ್ತಾರ?"

"ಬದುಕಿದ್ದಾಗಲೂ ಓದ್ಲಿಲ್ಲ ಮಾರಾಯ. ಲಕೋಟೆ ಒಡೆದದ್ದೇ ನಾನು."

ಅವಳು ಕಡತದ ಮುಂದಿನ ಹಾಳೆಗೆ ಕೈ ಹಾಕಿದಳು. ಅಧ್ಯಕ್ಷರು ಪಾಲುದಾರರಿಗೆ ಬರೆದ ಇಂಗ್ಲಿಷ್ ಪತ್ರ. ಮಂಗಳೂರಿನ ಕೆಲಸಗಾರರು ಪರಿಸ್ಥಿತಿಯನ್ನು ಅರಿತು ಕೂಲಿ ಕಡಿತಕ್ಕೆ ಸಂತೋಷದಿಂದ ಒಪ್ಪಿದ್ದಾರೆ ಎಂದಿತ್ತು. ಇದು ಲಿಸ್ಟಿನಲ್ಲಿತ್ತು. ಪುಸ್ತಕಕ್ಕೂ ಹೋಗುತ್ತಿತ್ತು.

ಅಪೊಲಿನ್ ಪತ್ರವನ್ನು ಮೆಷಿನಿಗೆ ಕೊಟ್ಟಳು. ಬೆಳಿಗ್ಗೆಯಿಂದ ನಿಂತು ಸೊಂಟ ಹಿಡಿದಿತ್ತು. ನಿಧಾನಕ್ಕೆ ಹೋಗಿ ಚೀಲದೊಳಗೆ ಕೈ ಹಾಕಿ ಮೂರು ಹಾಳೆಗಳನ್ನು ತೆಗೆದಳು. ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದಳು.

"ಬ್ಯಾಡ್ರೀ ಅಕ್ಕಾ. ಸ್ಕ್ಯಾನ್ ಆಗಿದ್ದೆಲ್ಲ ಅಂವಾ ಒಳಗ ಸ್ಕ್ರೀನ್ ಮ್ಯಾಗ ನೋಡ್ಲತಾನ."

"ನೋಡ್ಲಿ."

ಮೊದಲನೆಯದು ಹೋಯಿತು. ಎರಡನೆಯದೂ ಹೋಯಿತು. ಗಾಜಿನ ಬಾಗಿಲು ಧಡಾರನೆ ತೆರೆಯಿತು.

"ಏಯ್! ತಲೆ ಕೆಟ್ಟಿದ್ಯೇನೇ? ನಾಳೆನೇ ಊರಿಗೆ ಅಟ್ಟಬೇಕಾ ನಿನ್ನ?"

ಕೃಷ್ಣಪ್ರಸಾದ ಗೋಡೆಯ ಪ್ಲಗ್ ಕಿತ್ತ. ಮೆಷಿನ್ ನರಳಿ ನಿಂತಿತು. ಕಪ್ಪು ಕಲೆಗಳ ಹಾಳೆ ಅರ್ಧ ಒಳಗೆ, ಅರ್ಧ ಹೊರಗೆ.

ಅಪೊಲಿನ್ ಮುಚ್ಚಳ ಎತ್ತಿದಳು. ಹರಿಯದ ಹಾಗೆ ಹಾಳೆಯನ್ನು ಹಿಂದಕ್ಕೆ ಸರಿಸಿ ತೆಗೆದಳು.

"ಅಟ್ಟಿ ಸರ್. ಇನ್ನು ಒಂದೇ ಹಾಳೆ ಉಂಟು."

ಅವನ ಪಕ್ಕದಿಂದಲೇ ಹಾದು ಶರಣಬಸವನ ಮೆಷಿನಿನತ್ತ ನಡೆದಳು.

"ಶರಣಬಸವ, ಮೆಷಿನ್ ಕೊಟ್ರೆ ನಿನ್ನ ವೀಸಾನೂ ಹೋಯ್ತು, ಹೇಳಿರ್ತೀನಿ!"

ಶರಣಬಸವ ಅವಳನ್ನು ನೋಡಲಿಲ್ಲ. ಕೃಷ್ಣಪ್ರಸಾದನನ್ನೂ ನೋಡಲಿಲ್ಲ. ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮೆಷಿನಿನ ಮುಂದೆ ಜಾಗ ಬಿಟ್ಟು ನಿಂತ.