ಬಿಟ್ಟುಹೋದ ಅರ್ಧ ಗಂಟೆ

ಜನರಲ್ ಸಾಹೇಬರಿಗೆ ಸೈನ್ಯದಲ್ಲಿ ಎರಡು ಹೆಸರು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಮೊಂಡ. ಎರಡನೆಯದೂ ಅವರ ಕಿವಿಗೆ ಬಿದ್ದಿತ್ತು, ಬಿದ್ದಾಗ ಬೇಸರವೇನೂ ಆಗಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಮೂವತ್ತೆಂಟು ವರ್ಷ ಸಾಧಿಸಿಕೊಂಡೇ ಲೆಫ್ಟಿನೆಂಟಿನಿಂದ ಜನರಲ್ ತನಕ ಬಂದ ಮನುಷ್ಯ ಅವರು. ಇನ್ನೊಂದೇ ಮೆಟ್ಟಿಲು ಬಾಕಿ ಇತ್ತು. ಒಂಬತ್ತು ದಿನ ಕಳೆದರೆ ಇಡೀ ಸೇನೆಯ ಹೊಸ ಮುಖ್ಯಸ್ಥರ ಹೆಸರು ಪ್ರಕಟವಾಗುವುದಿತ್ತು. ಆ ಹೆಸರು ಯಾರದೆಂದು ಕಚೇರಿಯ ಕಸ ಗುಡಿಸುವವನಿಗೂ ಗೊತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಬ್ರಿಗೇಡಿಯರ್ ಬಂದು ಕೆಂಪು ದಾರ ಕಟ್ಟಿದ ಕಡತವೊಂದನ್ನು ಮೇಜಿನ ಮೇಲಿಟ್ಟ. ಮೂರು ವಾರದ ಹಿಂದೆ ಸೈನ್ಯದ ಕವಾಯತಿನಲ್ಲಿ ಸೇತುವೆ ಮುರಿದು ಲಾರಿ ಹೊಳೆಗೆ ಬಿದ್ದಿತ್ತು, ಚಾಲಕ ಸತ್ತಿದ್ದ. ಅದರ ವಿಚಾರಣೆ ನಡೆಸಿದವನು ಈ ಬ್ರಿಗೇಡಿಯರ್.

“ಎಲ್ಲಾ ಮುಗಿಸಿದ್ದೀನಿ ಸಾರ್. ತಮ್ಮದೊಂದು ಸಹಿ ಬಿದ್ರೆ ಆಯ್ತು.”

“ತಪ್ಪು ಯಾರದ್ದು ಅಂತ ಬರೆದಿದ್ದೀರಿ?”

“ಸೇತುವೆ ಕಟ್ಟಿದ ಹವಾಲ್ದಾರಂದು ಸಾರ್. ಲಾರಿ ಮುಂದೆ ನಡೀಬೇಕಾದವನು ನಡೀಲಿಲ್ಲ, ದಡಕ್ಕೆ ಹೋಗಿ ನಿಂತ. ಇಪ್ಪತ್ತು ಜನ ನೋಡಿದ್ದಾರೆ. ಕೆಲಸದಿಂದ ತೆಗೆಯೋಕೆ ಅಷ್ಟೇ ಸಾಕು.”

“ಇಪ್ಪತ್ತೊಂದು ಜನ,” ಎಂದರು ಸಾಹೇಬರು.

“ಸಾರ್?”

“ಏನಿಲ್ಲ. ಇಟ್ಟು ಹೋಗಿ.”

ಲಾರಿಯ ಮುಂದೆ ನಡೆಯುವುದು ಎಂದರೆ ಏನೆಂದು ಹೇಳಬೇಕು. ದೋಣಿಗಳನ್ನು ಸಾಲಾಗಿ ಲಂಗರು ಹಾಕಿ ನಿಲ್ಲಿಸಿ, ಮೇಲೆ ಹಲಗೆ ಹಾಸಿ ಸೇತುವೆ ಮಾಡುವವರು ಇಂಜಿನಿಯರ್ ದಳದವರು. ಅವರಲ್ಲಿ ಒಂದು ಪದ್ಧತಿ ಇದೆ. ಸೇತುವೆ ಕಟ್ಟಿಸಿದವನು ಹೊರೆ ಹೊತ್ತ ಮೊದಲ ಲಾರಿಯ ಮುಂದೆ ಈ ದಡದಿಂದ ಆ ದಡಕ್ಕೆ ನಡೆಯಬೇಕು. ಅದು ಅವನು ಕೊಡುವ ಮಾತು. ಮುಳುಗಿದರೆ ನಾನೂ ಮುಳುಗುತ್ತೇನೆ ಎಂಬ ಮಾತು. ಅವನು ನಡೆಯದೆ ದಡಕ್ಕೆ ಸರಿದು ನಿಂತರೆ ಸೇತುವೆ ಇನ್ನೂ ತಯಾರಿಲ್ಲ ಎಂದೇ ಲೆಕ್ಕ. ಬೇರೆ ದಳದ ಬ್ರಿಗೇಡಿಯರನಿಗೆ ಇದು ಗೊತ್ತಿರಲಿಲ್ಲ, ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ಸಾಹೇಬರು ಇಂಜಿನಿಯರ್ ದಳದಲ್ಲೇ ಮೀಸೆ ಚಿಗುರಿಸಿಕೊಂಡವರು.

ಅವರ ಹೆಸರು ಮೊದಲು ಮೇಲೆದ್ದಿದ್ದೇ ಒಂದು ಸೇತುವೆಯಿಂದ. ಇಪ್ಪತ್ಮೂರನೆಯ ವಯಸ್ಸಿಗೆ, ಯುದ್ಧದ ಆರನೆಯ ದಿನ, ಎಂಟು ಗಂಟೆ ಹಿಡಿಯುವ ಸೇತುವೆಯನ್ನು ಐದು ಗಂಟೆಯಲ್ಲಿ ಕಟ್ಟಿಸಿ ಒಂದು ಇಡೀ ಪಡೆಯನ್ನು ಹೊಳೆ ದಾಟಿಸಿದ್ದರು. ಐದು ಗಂಟೆಯ ಸೇತುವೆ ಎಂದರೆ ಸೈನ್ಯದ ಶಾಲೆಗಳಲ್ಲಿ ಈಗಲೂ ಪಾಠ. ಮೇಜರ್ ಆದಾಗ, ಕರ್ನಲ್ ಆದಾಗ, ಪದಕ ಚುಚ್ಚಿದಾಗ, ಪ್ರತಿ ಸಲವೂ ಅದನ್ನು ಯಾರೋ ಒಬ್ಬರು ಓದಿ ಹೇಳುತ್ತಿದ್ದರು, ಸಾಹೇಬರು ತಲೆ ತಗ್ಗಿಸಿ ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ಅದು ಐದೂವರೆ ಗಂಟೆಯ ಸೇತುವೆ. ಐದು ಗಂಟೆಗೆ ಎಲ್ಲ ಮುಗಿದಿತ್ತು, ಲಾರಿ ಮುಂದಕ್ಕೆ ಬಂದಿತ್ತು. ಆಗ ಎಲ್ಲರೂ ತಾತ ಎಂದು ಕರೆಯುತ್ತಿದ್ದ ಹಳೆಯ ಹವಾಲ್ದಾರನೊಬ್ಬ ನೀರಿನಲ್ಲಿ ಸೊಂಟದ ತನಕ ನಿಂತುಕೊಂಡು, “ಮಗಾ, ನಡುನೀರಲ್ಲಿ ಇನ್ನೆರಡು ಲಂಗರು ಬೇಕು, ಅರ್ಧ ಗಂಟೆ ಕೊಡು,” ಎಂದಿದ್ದ. ಆಫೀಸರನ್ನು ಮಗಾ ಎನ್ನುವ ಧೈರ್ಯ ಸೈನ್ಯದಲ್ಲಿ ಅವನೊಬ್ಬನಿಗೇ ಇತ್ತು. ಲೆಫ್ಟಿನೆಂಟ್ ಕೊಟ್ಟ. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಲಾರಿಯ ಮುಂದೆ ನಡೆದರು. ತಾತ ಸತ್ತು ಯಾವ ಕಾಲವಾಯಿತು. ಆ ಅರ್ಧ ಗಂಟೆಯೂ ಅವನ ಹಿಂದೆಯೇ ಹೋಗಿತ್ತು.

ಮೂರು ವಾರದ ಹಿಂದಿನ ಕವಾಯತಿಗೆ ಮಂತ್ರಿಗಳು ಬಂದಿದ್ದರು. ಐದು ಗಂಟೆಯ ಸೇತುವೆಯನ್ನು ಕಣ್ಣಾರೆ ನೋಡಬೇಕೆಂದು ಅವರಿಗೆ ಆಸೆ. ತೋರಿಸಬೇಕೆಂದು ಸಾಹೇಬರಿಗೆ ಅದರ ಎರಡರಷ್ಟು ಆಸೆ. ಹೊಳೆ ಹಿಂದಿನ ದಿನಕ್ಕಿಂತ ಒಂದು ಮೊಳ ಏರಿತ್ತು. ಕಟ್ಟುತ್ತಿದ್ದ ಹವಾಲ್ದಾರನ ಅಡ್ಡಹೆಸರು ಉಡ. ಒಮ್ಮೆ ಹಿಡಿದ ಹಗ್ಗವನ್ನು ಬಿಡದವನು. ಕೆಲಸ ಶುರುವಾಗಿ ಐದು ಗಂಟೆ ಆಗುವ ಹೊತ್ತಿಗೆ ದಡದಿಂದ ಸಾಹೇಬರಿದ್ದ ವೇದಿಕೆಗೆ ಫೋನು ಬಂತು. ಅದನ್ನು ಹಿಡಿದಿದ್ದ ಕ್ಯಾಪ್ಟನ್, ಸಾಹೇಬರ ಕಿವಿಯ ಹತ್ತಿರ ಬಗ್ಗಿ, “ಇನ್ನರ್ಧ ಗಂಟೆ ಕೇಳ್ತಿದ್ದಾನೆ ಸಾರ್,” ಎಂದ. ಪಕ್ಕದಲ್ಲಿ ಮಂತ್ರಿಗಳು ಗಡಿಯಾರ ನೋಡಿಕೊಂಡು ನಕ್ಕರು.

“ಐದು ಗಂಟೆ ಅಂದ್ರೆ ಐದು ಗಂಟೆ,” ಎಂದರು ಸಾಹೇಬರು.

ಲಾರಿ ಮುಂದಕ್ಕೆ ಬಂತು. ಉಡ ಸೇತುವೆಯ ಬಾಯಿಯಿಂದ ಇಳಿದು ದಡದ ಕಲ್ಲಿನ ಮೇಲೆ ಹೋಗಿ, ವೇದಿಕೆಯ ಕಡೆ ಮುಖ ಮಾಡಿ ನಿಂತ. ಸಾಹೇಬರು ನೋಡಿದರು. ಅರ್ಥವಾಯಿತು. ಅರ್ಥವಾಗಿಯೂ ಕೈಯಲ್ಲಿದ್ದ ಹಸಿರು ಬಾವುಟ ಎತ್ತಿದರು. ನಡುನೀರಿನಲ್ಲಿ ದೋಣಿಗಳು ಓರೆಯಾಗಿ ಲಾರಿ ಮಗುಚಿದಾಗ ಮೊದಲು ಹಾರಿದವನು ಉಡ. ಲಾರಿಯೊಳಗಿದ್ದ ಇಬ್ಬರಲ್ಲಿ ಒಬ್ಬನನ್ನು ಎಳೆದು ತಂದ, ಚಾಲಕ ಸಿಗಲಿಲ್ಲ.

ಕಡತದಲ್ಲಿ ಫೋನಿನ ಮಾತು ಇರಲಿಲ್ಲ. ಫೋನು ಹಿಡಿದಿದ್ದ ಕ್ಯಾಪ್ಟನ್ನನನ್ನು ಅವಸರದಲ್ಲಿ ದೂರದ ಯಾವುದೋ ತರಬೇತಿಗೆ ಕಳಿಸಿದ್ದರು. ಕಳಿಸಿದ್ದು ಸಾಹೇಬರಲ್ಲ. ಆದರೆ ಕಳಿಸಿದ್ದಾರೆಂದು ಗೊತ್ತಾದಾಗ ಯಾಕೆ ಎಂದೂ ಅವರು ಕೇಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇಷ್ಟು ಅಚ್ಚುಕಟ್ಟಾಗಿ ನಡೆದಿದ್ದನ್ನು ಓದುತ್ತ ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಹುಟ್ಟಿತು.

ಮಂಗಳವಾರ ಮಂತ್ರಿಗಳ ಕಾರ್ಯದರ್ಶಿ ಫೋನು ಮಾಡಿದ. ಬೆಣ್ಣೆಯಂಥ ದನಿ.

“ಕಡತ ಇನ್ನೂ ಬಂದಿಲ್ಲ ಅಂತ ಮಂತ್ರಿಗಳು ಕೇಳ್ತಿದ್ರು ಸಾರ್. ಹೊಸ ಮುಖ್ಯಸ್ಥರ ಹೆಸರಿನ ಪಟ್ಟಿ ಹೊರಡೋ ಮುಂಚೆ ಅದೊಂದು ಮುಗಿದಿದ್ರೆ ಒಳ್ಳೇದು. ಹಾವೂ ಸಾಯಬೇಕು, ಕೋಲೂ ಮುರೀಬಾರದು ನೋಡಿ.”

“ಹಾವು ಯಾರು?”

“ಅಯ್ಯೋ, ಮಾತಿಗೆ ಹೇಳಿದೆ ಸಾರ್.”

“ನಾನೂ ಮಾತಿಗೇ ಕೇಳ್ತಿದ್ದೀನಿ. ಹಾವು ಯಾರು ಅಂತ.”

ಆ ಕಡೆಯ ದನಿ ಆಮೇಲೆ ಮಾಡುತ್ತೇನೆಂದು ಫೋನು ಇಟ್ಟಿತು. ಇಂಥ ಜಗಳ ಗೆದ್ದಾಗ ಸಾಹೇಬರಿಗೆ ಹಸಿವು ಹೆಚ್ಚಾಗುತ್ತಿತ್ತು. ಅಂದು ಆಗಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟದ ಮೇಜಿನ ಒಂದು ತುದಿಗೆ ಅಳತೆಯ ಟೇಪು, ಪೆನ್ಸಿಲ್ಲು, ಒಂದು ಚೀಟಿ. ಸೇನಾಮುಖ್ಯಸ್ಥರ ಬಂಗಲೆಗೆ ನಲವತ್ತೆರಡು ಕಿಟಕಿ, ಅಷ್ಟಕ್ಕೂ ಪರದೆ ಬೇಕು. ಮದುವೆಯಾದ ಮೇಲೆ ಇಪ್ಪತ್ತಾರು ಮನೆ ಬದಲಾಯಿಸಿದ ಹೆಂಡತಿ ಅಳತೆಗಳನ್ನು ಆಗಲೇ ತರಿಸಿಕೊಂಡಿದ್ದರು.

“ಎರಡು ದಿನದಿಂದ ತಟ್ಟೆ ನೋಡ್ತಾ ಇದ್ದೀರಿ, ಊಟ ನೋಡ್ತಾ ಇಲ್ಲ. ಏನಾಗಿದೆ?”

ಸಾಹೇಬರು ಹೇಳಿದರು. ಫೋನು, ಗಡಿಯಾರ, ದಡದ ಕಲ್ಲು, ಬಾವುಟ, ಏನೂ ಬಿಡದೆ. ಕೊನೆಗೆ ಹೆಂಡತಿ ಪೆನ್ಸಿಲ್ಲನ್ನು ಟೇಪಿನ ಪಕ್ಕಕ್ಕೆ ಸರಿಸಿದರು.

“ಹೊಸದಾಗಿ ಮದುವೆ ಆದಾಗ ಆ ಹಳೇ ಸೇತುವೆ ಕಥೆ ನನಗೆ ಹೇಳಿದ್ರಲ್ಲ, ಆಗ ಐದೂವರೆ ಗಂಟೆ ಅಂದಿದ್ರಿ. ತಾತನ ಮಾತು ಬಂದಾಗ ನಿಮ್ಮ ಕಣ್ಣಲ್ಲಿ ನೀರಿತ್ತು. ಅದು ಐದು ಗಂಟೆ ಆಗಿದ್ದು ಯಾವಾಗಿಂದ?”

ಸಾಹೇಬರು ಯೋಚಿಸಿದರು. “ಮೇಜರ್ ಆದಾಗಿಂದ ಅನ್ಸುತ್ತೆ.”

“ನೀವು ಸುಳ್ಳು ಹೇಳಲಿಲ್ಲ, ಗೊತ್ತು. ಅವರು ಹೇಳ್ತಿದ್ರು, ನೀವು ಸುಮ್ಮನಿದ್ರಿ. ನಾನೂ ಪಕ್ಕದಲ್ಲಿ ಕೂತು ಸುಮ್ಮನಿದ್ದೆ. ಈ ಹವಾಲ್ದಾರನ ವಿಷಯದಲ್ಲೂ ನೀವು ಸುಮ್ಮನಿರಬಹುದು, ಅಭ್ಯಾಸ ಇದೆ.”

ಮೂವತ್ಮೂರು ವರ್ಷದ ಸಂಸಾರದಲ್ಲಿ ಆಕೆ ಇಷ್ಟು ಖಾರವಾಗಿ ಮಾತಾಡಿದ್ದು ಕಡಿಮೆ. ಸಾಹೇಬರು ಮೇಜಿನಿಂದ ಎದ್ದವರು ಮತ್ತೆ ಕೂತರು, ತಣ್ಣಗಾಗಿದ್ದ ಊಟವನ್ನು ಪೂರ್ತಿ ಮುಗಿಸಿದರು.

ಬುಧವಾರ ಸಾಹೇಬರು ಹವಾಲ್ದಾರನನ್ನು ತಮ್ಮ ಮುಂದೆ ಕರೆಸಿದರು. ಆರೋಪಿಯನ್ನು ಒಳಗೆ ಕರೆತರುವ ಮುನ್ನ ಬಾಗಿಲಲ್ಲೇ ಟೋಪಿ, ಸೊಂಟದ ಪಟ್ಟಿ ಎರಡನ್ನೂ ತೆಗೆಸುತ್ತಾರೆ. ಇಪ್ಪತ್ತೆರಡು ವರ್ಷ ಬಿಗಿದ ಪಟ್ಟಿ ಇಲ್ಲದೆ ಉಡನ ಅಂಗಿ ಸಡಿಲವಾಗಿ ಜೋಲುತ್ತಿತ್ತು. ಹೊರಗೆ ಸುಬೇದಾರ್ ಎಡ ಬಲ ಎಡ ಬಲ ಎಂದು ಕೂಗಿ ಅವನನ್ನು ಒಳಗೆ ನಡೆಸಿ, ಸಾಹೇಬರ ಸನ್ನೆಗೆ ಆಚೆ ಹೋಗಿ ಬಾಗಿಲು ಹಾಕಿಕೊಂಡ.

“ವಿಚಾರಣೇಲಿ ನೀನು ಅರ್ಧ ಗಂಟೆ ಕೇಳಿದ್ದನ್ನ ಯಾಕೆ ಹೇಳಲಿಲ್ಲ?”

“ನಡೆದೆಯಾ ಇಲ್ವಾ ಅಂತ ಕೇಳಿದ್ರು ಸಾರ್. ಇಲ್ಲ ಅಂದೆ. ಆಮೇಲೆ ಬಾಯಿ ತೆಗೆದೆ, ಕೇಳಿದಷ್ಟಕ್ಕೆ ಉತ್ತರ ಕೊಡು ಅಂದ್ರು.”

“ನಡೆದುಬಿಟ್ಟಿದ್ರೆ ಈವತ್ತು ನಿನ್ನ ಮೇಲೆ ಯಾರೂ ಬೆರಳು ತೋರಿಸ್ತಿರಲಿಲ್ಲ.”

“ನಡೆದಿದ್ರೆ ಸೇತುವೆ ಸರಿ ಇದೆ ಅಂತ ಚಾಲಕನಿಗೆ ನಾನೇ ಸುಳ್ಳು ಹೇಳಿದ ಹಾಗೆ ಸಾರ್. ನಾನು ಆಗಲೂ ನಡೀತಿರಲಿಲ್ಲ, ಈಗ ಕೇಳಿದ್ರೂ ನಡೆಯಲ್ಲ. ಕೆಲಸದಿಂದ ತೆಗೀತೀರಾ, ತೆಗೀರಿ. ತಪ್ಪಾಯ್ತು ಅಂತ ಮಾತ್ರ ಬರೆದುಕೊಡಲ್ಲ.”

ಉಡ ಗೋಡೆಯ ಕಡೆ ನೋಡುತ್ತಿದ್ದವನು, ನಿಯಮ ಮೀರಿ, ಅವರ ಮುಖವನ್ನೇ ನೋಡಿದ.

“ವೇದಿಕೆ ಮೇಲೆ ಅಷ್ಟೊಂದು ಜನ ಇದ್ರು. ಅಲ್ಲಿ ಇಂಜಿನಿಯರ್ ದಳದವರು ನೀವೊಬ್ಬರೇ. ಬೇರೆಯವರಿಗೆ ತಿಳಿಯೋದಿಲ್ಲ, ನಮ್ಮ ಸಾಹೇಬರಿಗೆ ತಿಳಿಯುತ್ತೆ ಅಂತ ನಿಮ್ಮ ಕಡೆ ಮುಖ ಮಾಡಿ ನಿಂತೆ. ಬಾವುಟ ಎತ್ತಿದ್ರಿ. ಓಡಿ ಹೋಗಿ ಲಾರಿಗೆ ಅಡ್ಡ ನಿಲ್ಲಬೇಕಿತ್ತು ನಾನು. ನಿಮ್ಮ ಮೇಲೆ ನಂಬಿಕೆ ಇಟ್ಟು ಅಷ್ಟು ಹೊತ್ತು ಕಳೆದೆ. ನನ್ನ ತಪ್ಪು ಏನಾದ್ರೂ ಇದ್ರೆ ಅದೊಂದೇ ಸಾರ್.”

ಯುದ್ಧದಲ್ಲಿ ಸಾಹೇಬರ ತೊಡೆಗೆ ಗುಂಡು ತಗುಲಿತ್ತು. ಅದು ಇಷ್ಟು ನೋಯಿಸಿರಲಿಲ್ಲ. ಅವನನ್ನು ಹೊರಗೆ ಕಳಿಸಿ, ಕಡತ ಬಿಚ್ಚಿ, ಸಹಿಯ ಜಾಗದಲ್ಲಿ ಒಂದೇ ಸಾಲು ಬರೆದರು: ‘ಒಬ್ಬ ಸಾಕ್ಷಿಯ ಹೇಳಿಕೆ ಬಾಕಿ ಇದೆ. ಶುಕ್ರವಾರ ಹತ್ತು ಗಂಟೆಗೆ ಹಾಜರಾಗುತ್ತಾನೆ.’ ಬಹುವಚನಕ್ಕೆ ಮೂವತ್ತೆಂಟು ವರ್ಷ ಒಗ್ಗಿಹೋದ ಕೈ ಹಾಜರಾಗುತ್ತಾನೆ ಎಂಬಲ್ಲಿ ಒಂದು ಕ್ಷಣ ತಡೆದು ಮುಂದೆ ಹೋಯಿತು.

ಶುಕ್ರವಾರ ವಿಚಾರಣೆಯ ಕೋಣೆಯ ಮುಂದಿನ ಪಡಸಾಲೆಯಲ್ಲಿ ಉಡ ಒಂದು ಬೆಂಚಿನ ಪಕ್ಕ ನಿಂತಿದ್ದ. ಸಾಹೇಬರು ಬಂದರು. ಬಾಗಿಲಲ್ಲಿ ನಿಂತು ತಮ್ಮ ಟೋಪಿ ತೆಗೆದರು. ಪಟ್ಟಿ ಬಿಚ್ಚಿದರು. ಎರಡನ್ನೂ ಸುಬೇದಾರನ ಕೈಗೆ ಕೊಟ್ಟರು. ಅವನು ಕೆಂಡ ಹಿಡಿದವನಂತೆ ಹಿಡಿದುಕೊಂಡ.

“ಒಳಗೆ ನಡೆಸಪ್ಪ. ಎಲ್ಲರನ್ನೂ ಹೇಗೆ ನಡೆಸ್ತೀಯೋ ಹಾಗೆ.”

ಸುಬೇದಾರ ಬೆಂಚಿನ ಪಕ್ಕದ ಉಡನ ಕಡೆ ತಿರುಗಿ ನೋಡಿದ. ಸಾಹೇಬರು ಕಾದರು. ಕೊನೆಗೆ ಎಡ ಬಲ ಎಂಬ ಕೂಗು ಸಣ್ಣಗೆ ಎದ್ದಿತು, ಅವರು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕಿದರು. ಒಳಗೆ ಬ್ರಿಗೇಡಿಯರ್ ಕುರ್ಚಿ ಬಿದ್ದುಹೋಗುವಂತೆ ಎದ್ದು ನಿಂತ.

“ಸಾರ್, ಇದೆಲ್ಲಾ ಯಾಕೆ, ಕೂತ್ಕೊಳ್ಳಿ.”

“ಆರೋಪಿ ಕೂರಲ್ಲ. ನೀವು ಕೂತ್ಕೊಳ್ಳಿ. ಬರೆಸ್ತೀನಿ, ಬರೆದುಕೊಳ್ಳಲಿ.”

ಮೂಲೆಯಲ್ಲಿ ಗುಮಾಸ್ತ ಬೆರಳಚ್ಚು ಯಂತ್ರಕ್ಕೆ ಕಾಗದ ಏರಿಸಿದ. ಸಾಹೇಬರು ಬರೆಸಿದರು. ಫೋನಿನಲ್ಲಿ ಅರ್ಧ ಗಂಟೆ ಕೇಳಿದ್ದು, ಕೊಡದೆ ಹೋದದ್ದು. ಹವಾಲ್ದಾರ ದಡಕ್ಕೆ ಸರಿದದ್ದರ ಅರ್ಥ ತನಗೆ ಗೊತ್ತಿದ್ದೂ ಬಾವುಟ ಎತ್ತಿದ್ದು. ಸತ್ತ ಚಾಲಕನ ಹೆಸರನ್ನು ಎರಡು ಸಲ ಹೇಳಿ, ಸರಿಯಾಗಿ ಬರೆದಿದ್ದಾನೋ ಎಂದು ಬಗ್ಗಿ ನೋಡಿದರು. ನಡುವೆ ಮೇಜಿನ ಫೋನು ಹೊಡೆದುಕೊಂಡಿತು. ಬ್ರಿಗೇಡಿಯರ್ ಕೇಳಿಸಿಕೊಂಡು, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ.

“ಕಾರ್ಯದರ್ಶಿಗಳು ಸಾರ್. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿದೆ. ಆ ಕಾಗದ ಅಲ್ಲೇ ಹರಿದು ಹಾಕಿದ್ರೆ ಏನೂ ಆಗಿಲ್ಲ ಅಂತ ತಿಳ್ಕೋತೀವಿ ಅಂತಿದ್ದಾರೆ. ಹೆಸರಿನ ಪಟ್ಟಿ ಇನ್ನೂ ಹೊರಟಿಲ್ಲವಂತೆ.”

“ಹೊರಡಲಿ ಅನ್ನಿ. ನನ್ನ ಹೆಸರು ತೆಗೆದು ಹೊರಡಿಸಲಿ. ಸೇತುವೆ ಕಟ್ಟಿಸಿದವನು ನಾನು, ಇವತ್ತಾದ್ರೂ ಮುಂದೆ ನಡೀತೀನಿ.”

ಬ್ರಿಗೇಡಿಯರ್ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಹೇಳಿಕೆಯ ನಮೂನೆಯಲ್ಲಿ ಕೊನೆಯ ಪ್ರಶ್ನೆಯೊಂದು ಉಳಿದಿತ್ತು, ಕೇಳದೆ ವಿಧಿ ಇರಲಿಲ್ಲ.

“ಸೇತುವೆ ಕೆಲಸದಲ್ಲಿ ಸಾಕ್ಷಿಯ ಹಿಂದಿನ ಅನುಭವ?”

ಗುಮಾಸ್ತ ಉತ್ತರಕ್ಕೆ ಕಾಯಲಿಲ್ಲ. ಅದು ಸೈನ್ಯದಲ್ಲಿ ಯಾರಿಗೆ ಗೊತ್ತಿಲ್ಲ? ಯುದ್ಧದ ಆರನೆಯ ದಿನ, ಐದು ಗಂಟೆಯಲ್ಲಿ, ಎಂದು ಅವನ ಬೆರಳು ಪಟಪಟನೆ ಹೊಡೆದುಬಿಟ್ಟಿತ್ತು.

“ಅದನ್ನ ಹೊಡೆದು ಹಾಕು,” ಎಂದರು ಸಾಹೇಬರು. ತೆರೆದೇ ಇದ್ದ ಬಾಗಿಲಿನಾಚೆ ಉಡ ನಿಂತಿರುವುದು ಅವರಿಗೆ ಕಾಣುತ್ತಿತ್ತು. ಅವನಿಗೂ ಕೇಳಲಿ ಎಂದು ದನಿ ಎತ್ತರಿಸಿದರು.

“ಐದೂವರೆ ಗಂಟೆ ಅಂತ ಬರಿ. ನಮ್ಮ ಹವಾಲ್ದಾರ ಅರ್ಧ ಗಂಟೆ ಕೇಳಿದ್ದ. ಆವತ್ತು ಕೊಟ್ಟಿದ್ದೆ.”