ನೀಲಿ ಬಟನ್ ಒತ್ತಬೇಡಿ ಮಾವ

ಗಡಿಯಾರ ರಿಪೇರಿ ಅಂಗಡಿಯಲ್ಲಿ ಇದ್ದದ್ದು ಎರಡೇ ಮೇಜು. ಕಿಟಕಿ ಪಕ್ಕದ್ದು ಮಾವನದು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು ಕೂತರೆ ಲೋಕಕ್ಕೇ ಬೆನ್ನು. ಬಾಗಿಲ ಬಳಿಯ ಕೌಂಟರ್ ಸೊಸೆಯದು. ಬ್ಯಾಟರಿ ಹಾಕುವುದು, ಬೆಲ್ಟು ಬದಲಾಯಿಸುವುದು, ಗಿರಾಕಿಗಳ ಗೊಣಗಾಟ ಕೇಳುವುದು ಅವಳ ಪಾಲಿಗೆ. ಇಬ್ಬರ ನಡುವೆ ಒಂದು ಕಂಪ್ಯೂಟರ್.

ಆ ಕಂಪ್ಯೂಟರಿನಲ್ಲಿ ಮಾವನಿಗೆ ಬೇಕಾದದ್ದು ಒಂದೇ ಒಂದು ತಾಣ. ಯಾವನೋ ಪುಣ್ಯಾತ್ಮ ಹಳೆಯ ಕೈಗಡಿಯಾರಗಳ ಒಳಗಿನ ನಕ್ಷೆಗಳನ್ನೆಲ್ಲ ಅದರಲ್ಲಿ ಹಾಕಿಟ್ಟು, ಆಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ. ವಿಳಾಸದ ಪಕ್ಕ ಸುರಕ್ಷಿತ ಎಂದು ತೋರಿಸುವ ಬೀಗದ ಗುರುತಿಲ್ಲ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ತೊಂದರೆ ತಂದದ್ದು ಸೊಸೆಯ ಗಂಡ. ಅವನು ಲಿಫ್ಟ್ ಇನ್‌ಸ್ಪೆಕ್ಟರ್. ಎಲ್ಲೇ ಹೋಗಲಿ, ಬೋಲ್ಟು ಸಡಿಲ ಇದೆಯೇನೋ ಎಂದು ನೋಡುವ ಕಣ್ಣು. ಭಾನುವಾರ ಸುಮ್ಮನೆ ಕೂರಲಾರದೆ ಅಂಗಡಿಯ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ, ಬೀಗವಿಲ್ಲದ ತಾಣ ತೆರೆಯುವ ಮುಂಚೆ ಎಚ್ಚರಿಸು ಎಂಬುದನ್ನು ಆನ್ ಮಾಡಿ ಹೋದ.

ಸೋಮವಾರ ಬೆಳಿಗ್ಗೆ ಮಾವ ಕೂಗಿದರು. "ಅಮ್ಮಾ, ಇಲ್ಲಿ ಏನೋ ಬಂದು ಅಡ್ಡ ನಿಂತಿದೆ ನೋಡು!"

ಪರದೆ ತುಂಬಾ ಎಚ್ಚರಿಕೆ. ಕೆಳಗೆ ದೊಡ್ಡ ನೀಲಿ ಬಟನ್, 'ಹಿಂದೆ ಹೋಗಿ'. ಅದರ ಪಕ್ಕ ಇರುವೆ ಸಾಲಿನಂಥ ಅಕ್ಷರದಲ್ಲಿ, 'ಆದರೂ ಮುಂದುವರಿಯಿರಿ'. ಅವಳು ಸಣ್ಣದನ್ನು ಒತ್ತಿದಳು. ನಕ್ಷೆ ಬಂತು. ಐದು ನಿಮಿಷಕ್ಕೆ ಮತ್ತೆ, "ಅಮ್ಮಾ!"

"ಮಾವ, ನೀಲಿ ಬಟನ್ ಒತ್ತಬೇಡಿ ಅಂದ್ನಲ್ಲ?"

"ಒತ್ತಬಾರದು ಅಂದ್ರೆ ಅಷ್ಟು ದೊಡ್ಡದಾಗಿ ಯಾಕೆ ಇಟ್ಟಿದ್ದಾರೆ?"

ಒಮ್ಮೆ ಒಪ್ಪಿಗೆ ಕೊಟ್ಟರೆ ಪರದೆಯ ಮೇಲಿನ ಕಿಟಕಿಯನ್ನು ಮುಚ್ಚುವ ತನಕ ಬ್ರೌಸರ್ ಮತ್ತೆ ಕೇಳುತ್ತಿರಲಿಲ್ಲ. ಆದರೆ ಬಳಸಿದ ಸಾಮಾನನ್ನು ಮುಚ್ಚಿಡುವುದು ಮಾವನ ಐವತ್ತು ವರ್ಷದ ಅಭ್ಯಾಸ. ಒಂದೊಂದು ನಕ್ಷೆ ನೋಡಿದ ಮೇಲೂ ಕಿಟಕಿ ಮುಚ್ಚುತ್ತಿದ್ದರು, ಪ್ರತಿ ಸಲವೂ ಎಚ್ಚರಿಕೆ ಹಾಜರ್. ಏಳನೇ ಸಲ ಕೂಗುವ ಭರದಲ್ಲಿ ಚಿಮಟ ಜಾರಿ, ಸಾಸಿವೆಗಿಂತ ಸಣ್ಣ ಸ್ಕ್ರೂ ನೆಲಕ್ಕೆ ಹಾರಿತು. ಸೊಸೆ ಗಿರಾಕಿಯನ್ನು ಅಲ್ಲೇ ನಿಲ್ಲಿಸಿ, ಮೊಬೈಲಿನ ಬೆಳಕು ಹಿಡಿದು ಮೇಜಿನ ಕೆಳಗೆ ತೆವಳಿದಳು. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು.

"ರೀ, ಅದನ್ನ ತೆಗೆಯೋದು ಎಲ್ಲಿ ಹೇಳಿ."

"ತೆಗೀಬೇಡ ಕಣೇ. ಎಚ್ಚರಿಕೆ ಬೋರ್ಡು ಕೀಳೋದು ಅಂದ್ರೆ ಏನು ಗೊತ್ತಾ? ನಾನೀಗ ಲಿಫ್ಟ್ ಮೇಲೆ ನಿಂತಿದ್ದೀನಿ, ಆಮೇಲೆ..."

"ನಾನು ಮೇಜಿನ ಕೆಳಗೆ ಬಿದ್ದಿದ್ದೀನಿ!" ಎಂದು ಫೋನ್ ಕುಕ್ಕಿದಳು. ಸ್ಕ್ರೂ ಸಿಕ್ಕಿತು, ಅವಳ ತಾಳ್ಮೆ ಸಿಗಲಿಲ್ಲ. ಎದ್ದವಳೇ ಸೆಟ್ಟಿಂಗ್ಸ್ ಹುಡುಕಿ ಎಚ್ಚರಿಕೆಯನ್ನು ಪೂರ್ತಿ ಆಫ್ ಮಾಡಿದಳು.

ಎರಡು ದಿನ ಅಂಗಡಿ ತಣ್ಣಗಿತ್ತು. ಗುರುವಾರ ಮಧ್ಯಾಹ್ನ ಮಾವ ಒಂದೇ ಬೆರಳಿನಲ್ಲಿ ಏನೋ ಟೈಪ್ ಮಾಡುತ್ತಿದ್ದದ್ದು ಕಂಡಿತು. ಗಡಿಯಾರದ ಗಾಜು ಮಾರುವ ಹೊಸ ತಾಣವಂತೆ. ಸದಸ್ಯರಾಗಲು ಇಮೇಲ್ ಕೇಳಿತ್ತು, ಪಾಸ್‌ವರ್ಡ್ ಕೇಳಿತ್ತು. ಎರಡೂ ತುಂಬಿಯಾಗಿತ್ತು. ಮೇಲೆ, ವಿಳಾಸದ ಪಕ್ಕ, ಬೂದು ಅಕ್ಷರದಲ್ಲಿ 'ಸುರಕ್ಷಿತವಲ್ಲ' ಎಂದಿತ್ತು.

"ತಡೀರಿ, ತಡೀರಿ! ಯಾವ ಪಾಸ್‌ವರ್ಡ್ ಹಾಕಿದ್ರಿ?"

"ಇರೋದು ಒಂದೇ ಅಲ್ವಾ? ನಿಮ್ಮತ್ತೆ ಹೆಸರು. ಬ್ಯಾಂಕಿಗೂ ಅದೇ, ಎಲ್ಲಾದಕ್ಕೂ ಅದೇ."

ಮಾವ ಕಳಿಸುವ ಬಟನ್ ಒತ್ತುವ ಮುಂಚೆಯೇ ಅವಳು ಆ ಪುಟವನ್ನು ಮುಚ್ಚಿದಳು. ಮಾವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಗಂಡ ಹೇಳಿದ್ದು ಸರಿಯಾಗಿತ್ತಲ್ಲ ಎಂಬುದಕ್ಕೆ.

ಅಂಗಡಿ ಬಾಗಿಲು ಅರ್ಧ ಎಳೆದು ಸೆಟ್ಟಿಂಗ್ಸ್ ಮುಂದೆ ಕೂತಳು. ಈ ಸಲ ಸಾಲು ಸಾಲಾಗಿ ಓದಿದಳು. ಎಚ್ಚರಿಕೆಯನ್ನು ಮತ್ತೆ ಆನ್ ಮಾಡಿದಾಗ ಅದರ ಪಕ್ಕದಲ್ಲೇ 'ವಿನಾಯಿತಿಗಳು' ಎಂಬ ಬಟನ್ ಕಂಡಿತು. ಇಂಥ ತಾಣವನ್ನು ಮಾತ್ರ ಕೇಳದೆ ಬಿಡು ಎಂದು ಬರೆದಿಡುವ ಜಾಗ. ನಕ್ಷೆಯ ತಾಣದ ವಿಳಾಸ ಹಾಕಿದಳು. ಕೆಲಸ ಮಾಡಲಿಲ್ಲ. ಅಭ್ಯಾಸಬಲದಿಂದ ಶುರುವಿನ 'ಎಚ್‌ಟಿಟಿಪಿ'ಗೆ, ಬೀಗವಿರುವ ತಾಣಗಳಿಗೆ ಹಾಕುವಂತೆ, ಒಂದು 'ಎಸ್' ಹೆಚ್ಚಿಗೆ ಹೊಡೆದಿದ್ದಳು. "ಒಂದು ಅಕ್ಷರಕ್ಕೆ ಇಷ್ಟು ಕೊಬ್ಬಾ ನಿಂಗೆ" ಎಂದು ಕಂಪ್ಯೂಟರಿಗೇ ಬೈದು ಅದನ್ನು ತೆಗೆದಳು. ನಕ್ಷೆ ಸೀದಾ ತೆರೆಯಿತು. ಗಾಜಿನ ತಾಣಕ್ಕೆ ಹೋದರೆ ಎಚ್ಚರಿಕೆ ಬಂತು.

"ಇದಕ್ಕೊಂದು ನ್ಯಾಯ, ಅದಕ್ಕೊಂದು ನ್ಯಾಯವಾ?" ಮಾವ ಕೇಳಿದರು.

"ಎರಡೂ ತೆರೆದ ಕಾಗದ ಇದ್ದ ಹಾಗೆ, ಮಾವ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. ನಕ್ಷೆ ಬರೀ ನೋಡ್ತೀರಿ, ಅಲ್ಲಿ ನೀವೇನೂ ಬರೆಯಲ್ಲ. ಇಲ್ಲಿ ಬ್ಯಾಂಕಿನ ಕೀಲೀನೇ ಬರೆದು ಕಳಿಸ್ತಿದ್ರಿ."

ಮಾವ ಕಣ್ಣಿನ ಮಸೂರ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಮೊದಲೇ ಹಿಂಗೆ ಹೇಳಬಾರದಾಗಿತ್ತಾ?"

ಸಂಜೆ ಗಂಡ ಬಂದ. ಎಲ್ಲ ಕೇಳಿ ಮುಖ ಅರಳಿಸಿದ. "ನಾನು ಹೇಳಿರಲಿಲ್ವಾ?"

"ನೀವು ಬೇಡ ಅಂದ್ರಿ. ಹೇಗೆ ಅಂತ ಹೇಳಿದ್ರಾ?" ಅವಳು ಕೀಬೋರ್ಡನ್ನು ಅವನತ್ತ ತಳ್ಳಿದಳು. "ಕೂತ್ಕೊಳ್ಳಿ. ನಿಮ್ಮಪ್ಪನಿಗೆ ಒಂದೊಂದು ಕಡೆಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟು, ಎಲ್ಲಿ ಬರೆದಿಡಬೇಕು ಅಂತಾನೂ ಕಲಿಸಿ. ಸಿಟ್ಟು ಮಾಡ್ಕೋಬೇಡಿ ಮತ್ತೆ."

ಅವಳು ಚಪ್ಪಲಿ ಮೆಟ್ಟಿ ರಸ್ತೆಗಿಳಿದಳು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಒಳಗಿನಿಂದ ಗಂಡನ ದನಿ ಏರಿತು. "ಅಪ್ಪಾ, ಅಮ್ಮನ ಹೆಸರೂ ಬೇಡ, ಅಜ್ಜಿ ಹೆಸರೂ ಬೇಡ! ಯಾರ ಹೆಸರೂ ಬೇಡ!"

ಅವಳು ತಿರುಗಿ ನೋಡಲಿಲ್ಲ.